ಕಾಟಪ್ಪನ ಟೋಕನ್

ಹಿರಿಯೂರಿನ ಆ ನರ್ಸಿಂಗ್ ಹೋಮಿನ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಜಯಕ್ಕ ನಿಂತು ಹತ್ತೊಂಬತ್ತು ವರ್ಷವಾಯಿತು. ಬಸುರಿಯರ ಹೊಟ್ಟೆಗೆ ಹಚ್ಚಿದ ಜೆಲ್ ಒರೆಸುವುದು, ಟೋಕನ್ ಕೂಗುವುದು, ನುಗ್ಗುವವರನ್ನು ಗದರುವುದು ಅವಳ ಕೆಲಸ. ಗದರುವುದೂ ಬಡವರನ್ನೇ ಅನ್ನಿ. ಇಸ್ತ್ರಿ ಮಾಡಿದ ಬಿಳಿ ಪಂಚೆ ಕಂಡರೆ ಅವಳ ದನಿ ತಾನಾಗಿ ತಗ್ಗುತ್ತಿತ್ತು.

ಮೂರು ವರ್ಷದಿಂದ ಪ್ರತಿ ಗುರುವಾರ ಚಿತ್ರದುರ್ಗದಿಂದ ಮಿದುಳಿನ ಡಾಕ್ಟರು ಲಕ್ಷ್ಮೀಕಾಂತ್ ಬರುತ್ತಿದ್ದರು. ಅದೇ ಮಿಷನ್ನಿಗೆ ಬೇರೊಂದು ಹಿಡಿ ಸಿಕ್ಕಿಸಿ, ಕಿವಿಯ ಮುಂದೆ ಸ್ವಲ್ಪ ಮೇಲಕ್ಕೆ ಒತ್ತಿಟ್ಟರೆ ತಲೆಯೊಳಗೆ ರಕ್ತ ಹರಿಯುವ ಸದ್ದು ಕೋಣೆಗೆಲ್ಲ ಕೇಳುತ್ತಿತ್ತು: ಹುಶ್, ಹುಶ್. ನಾಳ ಕಿರಿದಾದ ಕಡೆ ಅದು ಕೀರಲಾಗುತ್ತಿತ್ತು. ಜಯಕ್ಕ ಓದಿದವಳಲ್ಲ, ಆದರೆ ಕೇಳಿ ಕೇಳಿ ಕಿವಿ ಪಳಗಿತ್ತು. “ಬಾಯಿ ಸೊಟ್ಟಗಾಗಿ ಹತ್ತು ನಿಮಿಷಕ್ಕೆ ಸರಿಹೋಯ್ತು ಅಂತ ಸುಮ್ಮನಿರಬೇಡಿ, ಅದೇ ಎಚ್ಚರಿಕೆ” ಎಂದು ಡಾಕ್ಟರು ಹೇಳುವುದು ಅವಳಿಗೆ ಬಾಯಿಪಾಠ.

ಹಾಗಾಗಿ ಆ ಗುರುವಾರ ಬೆಳಗ್ಗೆ ಗಂಡ ಕಾಟಪ್ಪನ ಕೈಯಿಂದ ಟೀ ಲೋಟ ಜಾರಿ, ಮಾತು ತೊದಲಿ, ಮತ್ತೆ ಸರಿಹೋದಾಗ ಅವಳು ತಡಮಾಡಲಿಲ್ಲ. ಕಾಟಪ್ಪ ಖಾಸಗಿ ಬಸ್ಸುಗಳಿಗೆ ಜನ ಕೂಗುವವನು. “ಹೊಸದುರ್ಗ, ಹೊಸದುರ್ಗ, ಹೊಳಲ್ಕೆರೆ!” ಅಂದರೆ ಅರ್ಧ ಪೇಟೆಗೆ ಕೇಳಬೇಕು. ಗಂಟಲೇ ಅವನ ಅನ್ನ. “ಲೇ, ನಂಗೇನಾಗೈತೆ? ಬಸ್ ಹೊರಡೋ ಟೈಮು” ಎಂದವನನ್ನು ರಟ್ಟೆ ಹಿಡಿದು ಎಳೆತಂದು ಬೆಂಚಿನ ಮೇಲೆ ಕೂರಿಸಿದಳು.

ಅವಳು ಸರಿಯಾಗಿ ಮಾಡಿದ್ದು ಅಷ್ಟೇ. ಕೆಲಸದವರ ಮನೆಯವರನ್ನು ಕೊನೆಗೆ ನೋಡುವುದು ಅಲ್ಲಿನ ರೂಢಿ. ಯಾರೂ ಬರೆದಿಟ್ಟದ್ದಲ್ಲ, ನಮ್ಮೋರು ತಾನೇ, ಆಮೇಲೆ ನೋಡಾಣ ಅನ್ನುವ ದೊಡ್ಡಸ್ತಿಕೆ. ಜಯಕ್ಕನಿಗೆ ಅದರ ಮೇಲೆ ಹೆಮ್ಮೆ ಬೇರೆ. ಬೆಳಗ್ಗೆ ಆದದ್ದನ್ನು ಡಾಕ್ಟರ ಕಿವಿಗೂ ಹಾಕಲಿಲ್ಲ. ಐಮಂಗಲದವರು ಹೋದರು, ಯಲ್ಲದಕೆರೆಯ ಮುದುಕಿ ಹೋದಳು. ಕಾಟಪ್ಪ ಎರಡು ಸಲ ಕಣ್ಣಲ್ಲೇ ಕೇಳಿದ. “ಆಮೇಲೆ” ಅಂದಳು. ಡಾಕ್ಟರು ಹೊರಡುವ ಮೊದಲು ಇನ್ನೊಬ್ಬರನ್ನು ನೋಡುವಷ್ಟೇ ಹೊತ್ತು ಉಳಿದಿರುವಾಗ ಸೊಸೈಟಿ ಅಧ್ಯಕ್ಷ ಗೋವಿಂದಯ್ಯ ಬಂದರು. ತಲೆನೋವಂತೆ. “ಜಯಕ್ಕ, ಒಂಚೂರು ಬೇಗ ಬಿಡಮ್ಮ, ಮೀಟಿಂಗ್ ಐತೆ.” ಬಿಟ್ಟಳು. ಗೋವಿಂದಯ್ಯನ ತಲೆಯಲ್ಲಿ ರಕ್ತ ಕಾಲುವೆ ನೀರಿನಂತೆ ಸರಾಗವಾಗಿ ಹರಿಯುತ್ತಿತ್ತು. ಎರಡು ಗಂಟೆಗೆ ಡಾಕ್ಟರ ಕಾರು ಹೊಳಲ್ಕೆರೆಯ ಕ್ಲಿನಿಕ್ಕಿನ ಕಡೆ ಹೊರಟಿತು.

“ಮುಂದಿನ ವಾರ ಬರಾಣ ಬಿಡು” ಅಂದು ಕಾಟಪ್ಪ ಬಸ್ ಸ್ಟ್ಯಾಂಡಿಗೆ ಓಡಿದ. ಸೋಮವಾರ ಅಲ್ಲೇ, ಹೊಸದುರ್ಗದ ಬಸ್ಸಿನ ಮುಂದೆಯೇ, ಕೂಗುತ್ತಾ ಕೂಗುತ್ತಾ ಬಿದ್ದ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಬಂದ ಮೇಲೆ ಲಕ್ಷ್ಮೀಕಾಂತ್ ಹಿಡಿ ಇಟ್ಟು ನೋಡಿದರು. ಬಲಗಡೆ ಹುಶ್ ಅಂದಿತು. ಎಡಗಡೆ, ಮಾತಿನ ಭಾಗಕ್ಕೆ ರಕ್ತ ಒಯ್ಯುವ ನಾಳದ ಜಾಗದಲ್ಲಿ, ಎಷ್ಟು ತಡಕಿದರೂ ಸದ್ದಿಲ್ಲ. ಯಾರೂ ಹೇಳುವ ಮೊದಲೇ ಜಯಕ್ಕನಿಗೆ ಗೊತ್ತಾಯಿತು. “ಅವತ್ತೇ ನನಗೊಂದು ಮಾತು ಹೇಳೋಕೆ ಆಗ್ಲಿಲ್ವಾ?” ಎಂದರು ಡಾಕ್ಟರು. ಅವಳು ಗಂಡನ ಮುಖದ ಮೇಲಿನ ಜೆಲ್ ಒರೆಸಿದಳು.

ಈಗ ಕಾಟಪ್ಪನಿಗೆ ಉಳಿದಿರುವುದು ಒಂದೇ ಮಾತು. ಹಸಿವಾದರೂ ಹೊಸದುರ್ಗ, ಉಚ್ಚೆಗೆ ಹೋಗಬೇಕಾದರೂ ಹೊಸದುರ್ಗ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಜಯಕ್ಕ ಅವನನ್ನು ಕರೆತಂದು ಅದೇ ಬೆಂಚಿನಲ್ಲಿ ಕೂರಿಸುತ್ತಾಳೆ. ಮೊದಮೊದಲು ಜನ ನಕ್ಕರು. ಅವರ ಮೇಲೆ, ಗೋವಿಂದಯ್ಯನ ಮೇಲೆ, ದೇವರ ಮೇಲೆ ಸಿಟ್ಟು ಮಾಡಿ ನೋಡಿದಳು. ತನ್ನ ಮೇಲಿನದೊಂದು ಬಿಟ್ಟು ಯಾವುದೂ ನಿಲ್ಲಲಿಲ್ಲ.

ಮೊನ್ನೆ ಗುರುವಾರ ಗೋವಿಂದಯ್ಯ ಮತ್ತೆ ಬಂದರು. “ಜಯಕ್ಕ, ಒಂಚೂರು ಬೇಗ...”

“ನಿಮ್ದು ಹದಿನೇಳನೇ ನಂಬರು. ಕುಂತ್ಕಳ್ರಿ” ಅಂದಳು, ಬಾಗಿಲಿಗೆ ಅಡ್ಡ ನಿಂತು. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ಅವರು ಮುಖ ಗಂಟಿಕ್ಕಿಕೊಂಡು ಕೂತರು. ಜಯಕ್ಕನಿಗೆ ಏನೋ ಗೆದ್ದ ಹಾಗಾಯಿತು.

ಬೆಂಚಿನಿಂದ ಕಾಟಪ್ಪ ನೀರಿನ ಬಾಟಲಿ ತೋರಿಸಿ “ಹೊಸದುರ್ಗ” ಅಂದ.

“ತಡಿ, ಆಮೇಲೆ” ಅಂದು ಜಯಕ್ಕ ಮುಂದಿನ ಟೋಕನ್ ಕೂಗಿದಳು.