ಫಳಫಳಣ್ಣ ತೊಳೆದ ಕಡ್ಡಿ

ನಮ್ಮ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದವರನ್ನು ಎಲ್ಲರೂ ಕರೆಯುತ್ತಿದ್ದುದು ಫಳಫಳಣ್ಣ ಎಂದೇ. ಇಪ್ಪತ್ತಾರು ವರ್ಷದ ಕೆಲಸ. "ನಿಮ್ಮ ಡಾಕ್ಟರೇಟುಗಳೆಲ್ಲ ನಿಂತಿರೋದು ನನ್ನ ಬ್ರಷ್ಷಿನ ಮೇಲೆ" ಎಂದು ನಮ್ಮನ್ನು ಛೇಡಿಸುತ್ತಿದ್ದರು. ಮಾತು ಸುಳ್ಳೇನಲ್ಲ.

ನನ್ನ ಕೆಲಸವೋ ಹಟಮಾರಿ ಕೆಲಸ. ಒಂದು ಅಣುವಿನ ಇಂಗಾಲಗಳಿಗೆ ಅಂಟಿಕೊಂಡ ಇಪ್ಪತ್ತೆಂಟು ಹೈಡ್ರೋಜನ್‌ಗಳಲ್ಲಿ ಬೇಕಾದ ಒಂದರ ಬಂಧ ಮಾತ್ರ ಬಿಡಿಸಿ, ಅಲ್ಲಿ ಆಮ್ಲಜನಕ ಕೂರಿಸಬೇಕು; ಉಳಿದವು ಕದಲಬಾರದು. ನಾನು ತಯಾರಿಸಿದ ಕಬ್ಬಿಣದ ವೇಗವರ್ಧಕ ಅದನ್ನು ಮಾಡುತ್ತಿತ್ತು. ನಾಲ್ಕು ವರ್ಷ ಬೀಗಿದೆ. ಒಂದು ಸೋಮವಾರದಿಂದ ಏನು ಮಾಡಿದರೂ ಕ್ರಿಯೆ ನಡೆಯದಾಯಿತು.

ವಿಚಾರಿಸಿದೆ. ಫ್ಲಾಸ್ಕಿನೊಳಗೆ ತಿರುಗುತ್ತ ದ್ರಾವಣ ಕಲಕುವ ಅಯಸ್ಕಾಂತದ ಕಡ್ಡಿಗಳು ಕಪ್ಪಿಟ್ಟಿವೆಯೆಂದು ಫಳಫಳಣ್ಣ ಅವನ್ನು ಆಮ್ಲದಲ್ಲಿ ನೆನೆಹಾಕಿ ಉಜ್ಜಿದ್ದರಂತೆ. ಸಿಟ್ಟು ನೆತ್ತಿಗೇರಿತು. ಎಲ್ಲರೆದುರು ಕೂಗಾಡಿದೆ.

"ಕಡ್ಡೀಲಿ ಆಮ್ಲ ಹಾಗೇ ಉಳಿಸಿ ಎಲ್ಲಾ ಹಾಳು ಮಾಡಿದ್ರಿ! ಕೈಲಾಗದಿದ್ರೆ ಮನೇಲಿರಿ!"

ಅವರು ಬ್ರಷ್ಷು ತೊಳೆದಿಟ್ಟು ಹೊರಟರು. ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ.

ಮೂರು ತಿಂಗಳು ತಲೆ ಚಚ್ಚಿಕೊಂಡೆ. ಕೊನೆಗೆ, ಅವರ ಕೈಗೆ ಸಿಗದೆ ಡ್ರಾಯರಿನ ಮೂಲೆಯಲ್ಲಿ ಉಳಿದಿದ್ದ ಕಪ್ಪು ಕಡ್ಡಿಯೊಂದನ್ನು ಹಾಕಿ, ಕಬ್ಬಿಣ ಹಾಕದೆಯೇ ನೋಡಿದೆ. ಕ್ರಿಯೆ ನಡೆಯಿತು! ಕಡ್ಡಿಯ ಗೀರುಗಳಲ್ಲಿ ಯಾರದೋ ಹಳೆಯ ಪ್ರಯೋಗದ ಪಲ್ಲೇಡಿಯಮ್ ಲೋಹ ಕಪ್ಪಾಗಿ ಕೂತಿತ್ತು; ಉಳಿದ ಕಡ್ಡಿಗಳಿಂದ ಫಳಫಳಣ್ಣ ತೊಳೆದು ತೆಗೆದದ್ದು ಅದನ್ನೇ. ನಾಲ್ಕು ವರ್ಷ ದುಡಿದದ್ದು ಅದು, ನನ್ನ ಕಬ್ಬಿಣವಲ್ಲ. ಪ್ರಕಟವಾಗಿದ್ದ ಪ್ರಬಂಧವನ್ನು ಹಿಂತೆಗೆದುಕೊಂಡೆ. ಅದು ಅಷ್ಟು ನೋಯಲಿಲ್ಲ. ಇಡೀ ಕಟ್ಟಡದಲ್ಲಿ ತಮ್ಮ ಕೆಲಸ ಸರಿಯಾಗಿ ಮಾಡಿದ್ದ ಒಬ್ಬರನ್ನೇ ಬೈದು ಓಡಿಸಿದ್ದೆನಲ್ಲ, ಆ ಸಂಕಟ ಮಾತ್ರ ಊಟ ಸೇರಗೊಡಲಿಲ್ಲ.

ಮನೆ ಹುಡುಕಿಕೊಂಡು ಹೋದೆ. ಎಲ್ಲವನ್ನೂ ಬಿಡಿಸಿ ಹೇಳಿದೆ. "ತಪ್ಪು ನಂದೇ ಅಣ್ಣಾ. ನೀವು ಚೊಕ್ಕವಾಗೇ ತೊಳೆದಿದ್ರಿ. ವಾಪಸ್ ಬನ್ನಿ."

ಅವರು ನಕ್ಕರು. "ದೊಡ್ಡ ಮನಸ್ಸು ಮೇಡಂ ನಿಮ್ದು. ಮುದುಕನ ಸಮಾಧಾನಕ್ಕೆ ಇಷ್ಟು ದೂರ ಬಂದು ಸುಳ್ಳು ಹೇಳ್ತಿದೀರ."

ಎಷ್ಟು ಆಣೆಯಿಟ್ಟರೂ ನಂಬಲಿಲ್ಲ. ಒಳಗೆ ಅವರ ಮೊಮ್ಮಗು ಅಳತೊಡಗಿತು. ಅವರು ಎದ್ದುಹೋಗಿ ಅದನ್ನು ಎತ್ತಿಕೊಂಡು ಬಂದು, ಹಾಲಿನ ಬಾಟಲಿಯನ್ನು ಹೆಂಡತಿಯ ಮುಂದಿಟ್ಟರು.

"ನೀನೇ ತೊಳಿ," ಎಂದರು ಮೆಲ್ಲಗೆ. "ಕುಡಿಯೋದು ಮಗು. ನನ್ನ ಕೈ ನಂಬೋದು ಬೇಡ."