ಕೆಡ್ಡಸದ ದಿನ ಗಾಡಿಗಳ ಮೇಲೆ ಕೌದಿ

ತುಳುನಾಡಿನ ಈ ಮಡಂತ್ಯಾರಿಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಮನೆಯೊಡತಿ ಅಂಗಳಕ್ಕೆ ಮಸಿ ಬಳಿಯುತ್ತಿದ್ದಳು. ಮಸಿ ಬಳಿಯುವುದೆಂದರೆ ನಮ್ಮ ಗದಗಿನ ಕಡೆ ಎಂಥ ಅಶುಭದ ಮಾತು ಎಂದು ಊರಿನಲ್ಲಿರುವ ನಿಮಗೆ ಹೇಳಬೇಕಿಲ್ಲ. ಈಕೆಯೋ ಸಗಣಿಗೆ ಇದ್ದಲಿನ ಪುಡಿ ಕಲಸಿಕೊಂಡು, ಅಡಿಕೆ ಹಾಳೆಯ ತುಂಡಿನಿಂದ ನೆಲಕ್ಕೆ ಬಳಿಯುತ್ತ ಹಾಡು ಗುನುಗುತ್ತಿದ್ದಳು. ಮನೆಯಲ್ಲಿ ಯಾರಾದರೂ ತೀರಿಕೊಂಡರೋ ಏನೋ, ಕೇಳುವುದು ಹೇಗೆ ಎಂದು ನಾನು ಹೊಸ್ತಿಲಲ್ಲೇ ನಿಂತೆ.

"ಎಂಥ ಅಮ್ಮ, ಹಾಗೆ ನೋಡ್ತೀರಿ? ಮಳೆ ಹೋಯ್ತಲ್ಲ, ಅಂಗಳ ಮಾಡುವುದು. ನಾಡಿದ್ದು ಭತ್ತ ಬಡಿಯಲಿಕ್ಕೆ ಉಂಟು" ಎಂದಳು.

ಆಕೆಯ ಹೆಸರು ಮುತ್ತಕ್ಕ. ಮನೆಯಲ್ಲಿ ತುಳು, ನನ್ನೊಡನೆ ಮಾತ್ರ ನಿಧಾನವಾಗಿ, ಪುಸ್ತಕ ಓದಿದಂತೆ ಕನ್ನಡ. ನನಗೆ ಮೊದಮೊದಲು ಮಾಸ್ತರರ ಮುಂದೆ ನಿಂತ ಹಾಗೆ ಅನ್ನಿಸುತ್ತಿತ್ತು. ನಾನು ಕಲಿತದ್ದು ಮೂರನೇ ಇಯತ್ತೆ.

ನಾವು ಇಲ್ಲಿಗೆ ಬಂದದ್ದು ಮಗ ಶಿವಪ್ಪನ ನೌಕರಿಯಿಂದ. ರಾಜ್ಯ ಒಂದಾದ ಮೇಲೆ ಅವನನ್ನು ಚಾರ್ಮಾಡಿ ಕಡೆಯ ರಸ್ತೆ ಕೆಲಸಕ್ಕೆ ಓವರ್‌ಸೀಯರ್ ಮಾಡಿ ಕಳಿಸಿದರು. ತಾಯಿಯಿಲ್ಲದ ಮೊಮ್ಮಗಳು ನೀಲಾ ಮತ್ತು ನಾನು ಅವನ ಹಿಂದೆ ಬಂದೆವು. ಜೋಳವೇ ಕಾಣದ ಸೀಮೆ ಇದು. ಬೆರಳಿನ ಗಾತ್ರದ ಕೆಂಪು ಅಕ್ಕಿ, ಗಂಜಿ, ಮೀನಿನ ವಾಸನೆ. ರೊಟ್ಟಿ ತಟ್ಟುವ ಕೈಗೆ ಕೆಲಸವಿಲ್ಲದೆ ನಾನು ಕೌದಿ ಹೊಲಿಯುತ್ತ ಕುಳಿತೆ. ಹಳೆಯ ಸೀರೆ, ಧೋತರದ ತುಂಡುಗಳನ್ನು ಜೋಡಿಸಿ ಹೊಲಿಯುವ ನಮ್ಮ ಹೊದಿಕೆ ಇಲ್ಲಿಯವರಿಗೆ ಗೊತ್ತಿಲ್ಲ. ಮುತ್ತಕ್ಕ ಬಂದು ಮುಟ್ಟಿ ಮುಟ್ಟಿ ನೋಡಿದಳು. "ಇಷ್ಟು ಹೊಲಿಗೆ ಹಾಕುವ ಹೊತ್ತಿಗೆ ಚಳಿಯೇ ಹೋಗುವುದಿಲ್ಲವಾ?" ಎಂದು ನಕ್ಕಳು.

ಒಗೆದ ಕೌದಿಯೊಂದನ್ನು ನೀಲಾ ಆ ಕಪ್ಪು ಅಂಗಳದಲ್ಲಿ ಹಾಸಿದ್ದೇ ಎಲ್ಲದಕ್ಕೂ ಮೂಲ. "ಆಯಿ, ಇಲ್ಲೆ ಬಾ! ಪಾಟಿಮ್ಯಾಲೆ ಬಣ್ಣ ಬರದಂಗ ಆಗೇತಿ ನೋಡ!" ಎಂದು ಕೂಗಿದಳು. ನಿಜ, ಶಾಲೆಯ ಸ್ಲೇಟಿನ ಹಾಗೆಯೇ ಇತ್ತು ಅಂಗಳ. ಊರಿನ ಮಾಸಲು ನೆಲದ ಮೇಲೆ ಕಾಣದ ಹಳದಿ, ಹಸಿರು ಆ ಮಸಿಯ ಮೇಲೆ ಕಣ್ಣಿಗೆ ಹಾರಿ ಬಂದವು.

ಅಂದಿನಿಂದ ಹುಡುಗಿಗೆ ಹುಚ್ಚು ಹಿಡಿಯಿತು. ಗೋಣಿ, ಅಡಿಕೆ ಹಾಳೆ, ತೆಂಗಿನ ನಾರು, ಪಾಣೆಮಂಗಳೂರಿನಿಂದ ಯಾರೋ ತಂದುಕೊಟ್ಟ ಹರಕು ಮೀನುಬಲೆ, ಎಲ್ಲವೂ ಅವಳ ಸೂಜಿಗೆ ಬಂದವು. ನಾನು ಕಲಿಸಿದ ಚೌಕ ಇಲ್ಲ, ನವಿಲು ಇಲ್ಲ. ಒಂದಂತೂ ಬರೀ ಕಪ್ಪು, ಮೂಲೆಯಲ್ಲಿ ಒಂದು ಕೆಂಪು ತುಂಡು.

"ಏನವ್ವಾ ಇದು?"

"ನಾವು ಘಾಟ ಇಳಿದ ಕತ್ತಲ, ಆಯಿ. ಕೆಂಪಂದ್ರ ಮುಂದಿನ ಲಾರಿ ದೀಪ."

ಹೊದೆಯಲು ಬಾರದ ಕೌದಿಯನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಆದರೂ ನೋಡಿದಷ್ಟೂ ನೋಡಬೇಕೆನಿಸಿತು. ಏಕೆ ಎಂದು ಈಗಲೂ ಯೋಚಿಸುತ್ತೇನೆ.

ಶಿವಪ್ಪನಿಗೆ ಹಾಗೆನಿಸಲಿಲ್ಲ. "ಜೂನಿಗೆ ಮಾಸ್ತರಿಕಿ ಟ್ರೇನಿಂಗಿಗೆ ಹಾಕತೀನಿ ಅವ್ವಾ. ಚಿಂದಿ ಹೊಲದು ಯಾರ ಉದ್ಧಾರ ಆಗ್ಯಾರ?" ನೀಲಾ ಅತ್ತಳು, ಊಟ ಬಿಟ್ಟಳು. ಒಂದು ಸಲ ನಾಲ್ಕು ಮಂದಿಗೆ ತೋರಿಸುತ್ತೇನೆ ಎಂದಳು. "ಆತು, ಒಂದ ಸಲ. ಮಂದಿ ನಕ್ಕರ ಸೂಜಿ ಕೆಳಗ" ಎಂದು ಒಪ್ಪಿದ.

ದಿನ ಗೊತ್ತು ಮಾಡಿದವನು ಅವನೇ. ಫೆಬ್ರವರಿಯಲ್ಲಿ ಮೂರು ದಿನ ಕೆಲಸಕ್ಕೆ ಬರುವುದಿಲ್ಲ ಎಂದು ರಸ್ತೆಯ ಆಳುಗಳು ಹೇಳಿದ್ದರು. ಏಕೆ ಎಂದು ಕೇಳದೆ, ಹಾಗಾದರೆ ಎಲ್ಲರಿಗೂ ಬಿಡುವು ಎಂದುಕೊಂಡ. ಬಿದಿರು ತಂದಿಟ್ಟ. ಆ ದಿನ ಬೆಳಿಗ್ಗೆ ಅಂಗಳದಾಚೆಯ ಗದ್ದೆಯಲ್ಲಿ ಕಂಬ ನೆಡಲು ಹಾರೆ ಎತ್ತಿದ್ದಷ್ಟೇ, ಮುತ್ತಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಅಯ್ಯಯ್ಯೋ ನಿಲ್ಲಿಸಿ ಮಾರಾಯ್ರೆ! ಇವತ್ತು ಕೆಡ್ಡಸ! ಭೂಮಿತಾಯಿ ಹೊರಗೆ ಕೂತಿದ್ದಾಳೆ. ನೆಲಕ್ಕೆ ಕಬ್ಬಿಣ ತಾಗಿಸ್ತೀರಾ?"

ಶಿವಪ್ಪನ ಕೈ ಮೇಲೆಯೇ ನಿಂತಿತು. ಇಲ್ಲಿ ಈ ಮೂರು ದಿನ ಭೂಮಿ ಮುಟ್ಟಾಗುತ್ತಾಳಂತೆ. ಅಗೆಯುವುದಿಲ್ಲ, ಉಳುವುದಿಲ್ಲ, ಹಸಿ ಎಲೆ ಕೊಯ್ಯುವುದಿಲ್ಲ. ಕೊನೆಯ ದಿನ ಅವಳಿಗೆ ಎಣ್ಣೆ, ಸೀಗೆ ಇಟ್ಟು ಮೀಯಿಸುತ್ತಾರೆ. ನನಗೆ ಆ ಗಲಿಬಿಲಿಯಲ್ಲೂ ಬಾಯಿ ಸುಮ್ಮನಿರಲಿಲ್ಲ. "ನಮ್ಮಲ್ಲಿ ಸೀಗಿ ಹುಣ್ಣಿವಿಗೆ ಭೂಮಿತಾಯಿ ಬಸರಿ ಅಂತ ಉಡಿ ತುಂಬತೇವಿ, ಮುಟ್ಟಾಗೂದು ನಾ ಕೇಳಿಲ್ಲವ್ವಾ" ಎಂದೆ.

"ಅದೊಳ್ಳೆ ಕಥೆ! ಅಲ್ಲಿ ಬಸುರಿ ಆಗುವವಳು ಇಲ್ಲಿ ಮುಟ್ಟಾಗದೆ ಇರ್ತಾಳಾ ಅಮ್ಮ?" ಎಂದಳು ಮುತ್ತಕ್ಕ. ನಾವಿಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆವು.

ನೀಲಾ ನಗಲಿಲ್ಲ. ಕೌದಿಗಳನ್ನು ಮಡಚಿ ಗಂಟು ಕಟ್ಟತೊಡಗಿದ್ದಳು. "ಆತು ಬಿಡು, ದೇವರಿಗೂ ಬ್ಯಾಡಾಗೇತಿ" ಎಂದ ಅವಳಪ್ಪ. ಅವನ ದನಿಯಲ್ಲಿ ಸಮಾಧಾನವಿತ್ತು, ಅದೇ ನನಗೆ ನೋವಾಯಿತು.

ಮುತ್ತಕ್ಕ ಗಂಟಿನ ಮೇಲೆ ಕೈಯಿಟ್ಟಳು. "ಗುಂಡಿ ತೋಡಬಾರದು ಅಂತ ಉಂಟು. ಗಾಡಿ ನಿಲ್ಲಿಸಬಾರದು ಅಂತ ಉಂಟಾ? ಎತ್ತಿಗೂ ಇವತ್ತು ರಜೆ, ಬೀದಿಯ ಗಾಡಿಗಳೆಲ್ಲ ಸುಮ್ಮನೆ ಬಿದ್ದಿವೆ. ತರುವ!"

ಆಕೆ ತುಳುವಿನಲ್ಲಿ ಒಂದು ಕೂಗು ಹಾಕಿದ್ದೇ ತಡ, ಗಂಡಸರು ಎತ್ತಿಲ್ಲದ ಗಾಡಿಗಳನ್ನು ಕೈಯಿಂದಲೇ ತಳ್ಳಿಕೊಂಡು ಬಂದರು. ಹಿಂಭಾಗ ನೆಲಕ್ಕೆ ಊರಿ, ನೊಗ ಕಟ್ಟುವ ಮುಂದಿನ ಮೂಕಿಮರ ಆಕಾಶಕ್ಕೆ ಎತ್ತಿ ಎದುರುಬದುರು ನಿಲ್ಲಿಸಿದರು. ಮೂಕಿಯಿಂದ ಮೂಕಿಗೆ ತೆಂಗಿನ ಹಗ್ಗ. ಹಗ್ಗದ ಮೇಲೆ ನನ್ನ ಮೊಮ್ಮಗಳ ಕೌದಿಗಳು, ಕೆಳಗೆ ಕಪ್ಪು ಅಂಗಳ. ಏನು ಹೇಳಲಿ ನಿಮಗೆ! ನನ್ನ ಮದುವೆಯ ಹಂದರವೂ ಹಾಗಿರಲಿಲ್ಲ.

ಕೆಲಸವಿಲ್ಲದ ಜನ, ಎಲ್ಲಿಗೆ ಹೋಗಬೇಕು? ಎಲ್ಲರೂ ಬಂದರು. ಕೈಯಲ್ಲಿ ನನ್ನೆರಿ, ಹುರಿದ ಅಕ್ಕಿಯನ್ನು ಪುಡಿ ಮಾಡಿ ಬೆಲ್ಲ, ತೆಂಗಿನಕಾಯಿ ಸೇರಿಸಿದ ಇಲ್ಲಿಯ ಕೆಡ್ಡಸದ ತಿಂಡಿ. ತಿನ್ನುತ್ತ ನಡೆದವರು ಆ ಕಪ್ಪು ಕೌದಿಯ ಮುಂದೆ ನಿಂತುಬಿಟ್ಟರು.

"ಇದು ನಮ್ಮ ಬಾವಿ. ಸಂಜೆ ಬಗ್ಗಿ ನೋಡಿದರೆ ಹೀಗೇ ಕಾಣ್ತದೆ" ಎಂದ ಒಬ್ಬ ಮುದುಕ.

"ಬಾವಿ ಅಲ್ಲ ಮಾರಾಯ, ಇದು ಅಂಗಳ. ಆ ಕೆಂಪು ನಿನ್ನ ಭಾವ ಎಲೆಅಡಿಕೆ ಉಗಿದದ್ದು!" ಎಂದ ಪಕ್ಕದವನು.

ಇಡೀ ಅಂಗಳ ಘೊಳ್ಳೆಂದು ನಕ್ಕಿತು. ನೀಲಾಳ ಮುಖ ಬಿಳಿಚಿತು. ಶಿವಪ್ಪ ನನ್ನತ್ತ ತಿರುಗಿ, "ನಕ್ಕರಲ್ಲ ಅವ್ವಾ" ಎಂದ. ಮೆಲ್ಲಗೆ ಎಂದರೂ ಮುತ್ತಕ್ಕನಿಗೆ ಕೇಳಿಸಿತು.

"ನಕ್ಕರು, ಹೌದು. ಹೋದರಾ? ನೋಡಿ ಸ್ವಾಮಿ, ಒಬ್ಬನಾದರೂ ಹೋದನಾ?"

ಯಾರೂ ಹೋಗಿರಲಿಲ್ಲ. ಬಾವಿಯೆಂದವನು, ಅಂಗಳವೆಂದವನು ಜಗಳ ಬಿಟ್ಟಿರಲಿಲ್ಲ. ಮೂರನೆಯವಳೊಬ್ಬಳು, "ಇಬ್ಬರಿಗೂ ಕಣ್ಣಿಲ್ಲ, ಅದು ಒಲೆಯಲ್ಲಿ ಉಳಿದ ಕೆಂಡ" ಎಂದು ಸೇರಿಕೊಂಡಳು. ಆಮೇಲೆ ಮೂವರೂ ನೀಲಾಳನ್ನೇ ನಡುವೆ ಕರೆದು, "ನೀನು ಹೇಳು ಮಗಾ, ಎಂಥದು?" ಎಂದರು. ಅವಳು ಘಾಟಿಯ ಕತ್ತಲೆ ಎಂದಳು. "ಹೌದಾ, ಹೆದರಿಕೆ ಆಗಿತ್ತಾ ನಿಂಗೆ?" ಎಂದು ಕೇಳಿದ ಆ ಮುದುಕ. ಅವಳು ಹೂಂ ಎಂದಳು. ಶಿವಪ್ಪ ಕೇಳಿಸಿಕೊಂಡ. ಘಾಟಿ ಇಳಿಯುವಾಗ ಅವಳು ಹೆದರಿದ್ದು ಅವನಿಗೂ ನನಗೂ ಅಂದೇ ಗೊತ್ತಾದದ್ದು.

ಮರುದಿನ ಬೆಳ್ತಂಗಡಿಯಿಂದ, ಲಾಯಿಲದಿಂದಲೂ ಜನ ಬಂದರು. ಮೂಡಬಿದಿರೆಯ ಒಬ್ಬ ತರುಣ, ಅಂಗಡಿಗಳ ಬೋರ್ಡು ಬರೆಯುವವನು, ಚೀಲದೊಳಗೆ ಮುಚ್ಚಿಟ್ಟು ತಂದ ಎರಡು ಹಲಗೆಗಳನ್ನು ತೆಗೆದ. ಅಕ್ಷರವಿಲ್ಲ, ದೇವರಿಲ್ಲ, ಬಣ್ಣದ ಬೀಸು ಮಾತ್ರ. "ಮನೆಯಲ್ಲಿ ಬೈತಾರೆ ಅಕ್ಕ. ಇಲ್ಲಿ ಇಡಬಹುದಾ?" ಎಂದ. ಮುತ್ತಕ್ಕ ಇನ್ನೊಂದು ಗಾಡಿ ತರಿಸಿದಳು.

ಮೂರನೆಯ ದಿನ ಕೌದಿಗಳನ್ನು ಇಳಿಸಿದವನು ಶಿವಪ್ಪನೇ. ಕಪ್ಪು ಕೌದಿಯನ್ನು ಕೊನೆಗೆ ಇಳಿಸಿ, ಮಡಚಿ ನನ್ನ ಕೈಗಿಟ್ಟು, "ಟ್ರೇನಿಂಗ್ ಸ್ಕೂಲ ಎಲ್ಲಿ ಓಡಿ ಹೋಗತೈತಿ ಅವ್ವಾ? ಇರಲಿ" ಎಂದ. ಅಷ್ಟೇ ಮಾತು. ನಾನು ಆ ರಾತ್ರಿ ಹೋಳಿಗೆ ಮಾಡಿದೆ.

ಈಗ ಮುತ್ತಕ್ಕನ ದನವಿಲ್ಲದ ಹಟ್ಟಿಯಲ್ಲಿ ನೀಲಾ ಹೊಲಿಯುತ್ತಾಳೆ. ವಾರಕ್ಕೊಮ್ಮೆ ಬೋರ್ಡಿನವನೂ ಬರುತ್ತಾನೆ. ಬೇರೆ ಹುಡುಗಿಯರು ಇಣುಕಿ ನೋಡುತ್ತಾರೆ; ಮುತ್ತಕ್ಕ ಅವರನ್ನು ಒಳಗೆ ತಳ್ಳುತ್ತಾಳೆ. ಬಾಡಿಗೆ ಬೇಡವಂತೆ, ವರ್ಷವರ್ಷ ಕೆಡ್ಡಸಕ್ಕೆ ಅಂಗಳ ತುಂಬಬೇಕಂತೆ.

ಮೊನ್ನೆ ನೀಲಾ ಗೋಡೆಯಷ್ಟು ದೊಡ್ಡ ಕೌದಿ ಹಿಡಿದಳು. ಅದಕ್ಕೆ ಇಲ್ಲಿ ಸಿಗದ ಕೆಂಪು ಬೇಕಾಯಿತು. "ಆಯಿ, ನಿನ್ನ ಇಳಕಲ್ಲ ಸೀರಿ ಸೆರಗ ಕೊಡತಿಯೇನು?" ಎಂದು ಕೇಳಿ ತಾನೇ ನಾಲಿಗೆ ಕಚ್ಚಿಕೊಂಡಳು. ಊರಿಗೆ ಬರುವಾಗ ಉಡಬೇಕೆಂದು ಪೆಟ್ಟಿಗೆಯಲ್ಲಿ ಇಟ್ಟ ಸೀರೆ ಅದೊಂದೇ. ಕತ್ತರಿ ನಾನೇ ಹಿಡಿದೆ. ನಗುತ್ತಲೇ ಸೆರಗು ಕತ್ತರಿಸಿದೆ. ಒಡಲು ಪೆಟ್ಟಿಗೆಗೆ ಹೋಯಿತು, ಸೆರಗು ಹಟ್ಟಿಯ ಗೋಡೆಗೆ ಏರಿತು.

ಯಾವಾಗ ಬರುತ್ತೀ ಎಂದು ನೀವೆಲ್ಲ ಕೇಳುತ್ತೀರಿ. ಬರುತ್ತೇನೆ ತಾಯಂದಿರೇ, ಬಾರದೆ ಇರುತ್ತೇನೆಯೇ? ತಲೆಯ ಮೇಲೆ ಸೆರಗಿಲ್ಲದೆ ಬಂದಳೆಂದು ಮಾತ್ರ ಆಡಿಕೊಳ್ಳಬೇಡಿ.