ಹಗುರಾಗದ ಬಯೊಡೇಟಾ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನವರು ನೀರಿನ ಟ್ಯಾಂಕು ತೊಳೆಸಿದ ವರದಿ ಬರೆಯುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಹುರುಪಿನಿಂದ ಅರ್ಧ ಪುಟ ಬರೆದೆ. ಕೆಳಗೆ ಟ್ಯಾಂಕಿನ ಫೋಟೊಗಳನ್ನು ಸಾಲಾಗಿ ಅಂಟಿಸಿ ಮೇಲ್ ಮಾಡಿದೆ. ಹೋದಷ್ಟೇ ಬೇಗ ವಾಪಸು ಬಂತು. ಫೈಲು ವಿಪರೀತ ದೊಡ್ಡದಂತೆ. ಒಂದು ಹನಿ ನೀರಿಲ್ಲದ ಟ್ಯಾಂಕು ಇಷ್ಟು ಭಾರ ಹೇಗಾಯಿತು ಎಂದು ಪರದೆ ನೋಡುತ್ತ ಕೂತೆ. ನಿಮಗೂ ಹೀಗೆ ಆಗಿರಬಹುದು. ಆದರೆ ನನಗೆ ಇಂಥ ಹೊತ್ತಿನಲ್ಲಿ ತಲೆ ಕೆಡುವುದಕ್ಕಿಂತ ಮೊದಲು ಶಾಂತತ್ತಿಯ ನೆನಪಾಗುತ್ತದೆ.

ಶಾಂತತ್ತಿ ನನ್ನ ಅಪ್ಪನ ತಂಗಿ. ಆ ದಿನಗಳಲ್ಲಿ ಅವಳ ಮನೆ ಉಪ್ಪಲ್‌ನಲ್ಲಿ, ನಮ್ಮದು ನಾಚಾರಂನಲ್ಲಿ. ಹೈದರಾಬಾದಿನಲ್ಲಿ ಕಂಪ್ಯೂಟರಿನ ಗಾಳಿ ಜೋರಾಗಿ ಬೀಸುತ್ತಿದ್ದ ಕಾಲ ಅದು. ಅಮೀರ್‌ಪೇಟೆಯಲ್ಲಿ ಗೋಡೆಯ ಸುಣ್ಣ ಕಾಣದಷ್ಟು ತರಬೇತಿ ಕೇಂದ್ರಗಳ ಚೀಟಿಗಳು. ಯಾರ ಮನೆಗೆ ಹೋದರೂ ಯಾವ ಕೋರ್ಸು ಮಾಡುತ್ತೀರಿ ಎಂದು ಕೇಳಿ, ಆಮೇಲೆ ಕುಡಿಯಲು ನೀರು ಕೊಡುತ್ತಿದ್ದರು. ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಗಂಡ, ಬಿಡಿಭಾಗ ಕೂಡಿಸಿ ಮಾಡಿದ ಕಂಪ್ಯೂಟರೊಂದನ್ನು ಮನೆಗೆ ತಂದರು. ನಾನು ಅದಕ್ಕೊಂದು ಕಸೂತಿಯ ಹೊದಿಕೆ ಹೊಲಿದೆ. ದಸರೆಗೆ ಕುಂಕುಮ ಹಚ್ಚಿದೆ. ಒಂದಷ್ಟು ದಿನ ಅಮೀರ್‌ಪೇಟೆಗೂ ಹೋಗಿ ಬಂದೆ. ಇಷ್ಟರ ಮೇಲೆ ಬಳಗದಲ್ಲಿ ನಾನು ಕಂಪ್ಯೂಟರ್ ಬಲ್ಲವಳೆಂದು ಹೆಸರಾಯಿತು. ಬಂದ ಹೆಸರನ್ನು ಬೇಡ ಅನ್ನುವ ಸ್ವಭಾವ ನನ್ನದಲ್ಲ.

ಶಾಂತತ್ತಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸರೋಜಕ್ಕ, ಚಿಕ್ಕವಳು ಸುಮಾ. ಸರೋಜಕ್ಕನನ್ನು ಬೀದರ ಕಡೆ ಕೊಟ್ಟಿದ್ದರು. ಒಂದು ದಿನ ಅವಳು ಟ್ರಂಕು ಹಿಡಿದು ಒಬ್ಬಳೇ ತಿರುಗಿ ಬಂದಳು. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ ‘ಬಂದೆ’ ಎಂದಷ್ಟೇ ಹೇಳಿದಳು. ಶಾಂತತ್ತಿಯ ಗಂಡ, ನಮ್ಮ ಮಾವ, ಅಷ್ಟರಲ್ಲಿ ತೀರಿಕೊಂಡಿದ್ದರು. ಈಗ ಸುಮಾಳಿಗೆ ಗಂಡು ನೋಡಬೇಕು. ಅಕ್ಕನ ಚಾಳಿ ಮನೆಮಂದಿಗೆಲ್ಲ ಎಂದು ಆಡಿಕೊಳ್ಳುವ ಜನ. ಬಂದ ಸಂಬಂಧಗಳೆಲ್ಲ ಸರೋಜಕ್ಕನ ವಿಷಯ ಕಿವಿಗೆ ಬಿದ್ದ ಕೂಡಲೇ ಹಿಂದೆ ಸರಿಯುತ್ತಿದ್ದವು. ಶಾಂತತ್ತಿ ನಿದ್ದೆಗೆಟ್ಟು ಅರ್ಧ ಆಗಿದ್ದಳು.

ಆಗ ಕೂಕಟ್‌ಪಲ್ಲಿಯ ಒಂದು ಮನೆಯಿಂದ ಕೇಳಿಕೆ ಬಂತು. ಹುಡುಗ ಪ್ರಭು, ಯಂತ್ರಗಳ ನಕ್ಷೆ ಬಿಡಿಸುವ ಕೆಲಸದವನು. ಅವರೂ ನಮ್ಮ ಹಾಗೆ ಉತ್ತರ ಕರ್ನಾಟಕದ ಕಡೆಯವರೇ. ಸಿಟಿ ಬಸ್ಸು ಹತ್ತಿ ಬಯೊಡೇಟಾ ಕೈಗೆ ಕೊಟ್ಟು, ಚಹಾ ಕುಡಿದು ಬರಬಹುದಿತ್ತು. ಆದರೆ ಶಾಂತತ್ತಿ ಒಪ್ಪಲಿಲ್ಲ.

“ಈಗ ಎಲ್ಲಾರೂ ಮೇಲ್‌ದಾಗ ಕಳಸ್ತಾರ. ಕಾಗದ ಹಿಡ್ಕೊಂಡು ಹೋದ್ರ ನಾವು ಹಳ್ಳಿ ಮಂದಿ ಅಂತಾರ. ನೀ ಇದ್ದೀಯಲ್ಲ ಕಲ್ತಾಕಿ.”

ಕಲಿತವಳು ಹೊದಿಕೆ ತೆಗೆದು ಕಂಪ್ಯೂಟರ್ ಮುಂದೆ ಕೂತಳು. ಬಯೊಡೇಟಾದ ತಲೆಯ ಮೇಲೆ ಒಂದು ಗಣಪತಿಯ ಚಿತ್ರ, ಸುತ್ತ ಬಳ್ಳಿಯ ಅಂಚು, ನಡುವೆ ಸುಮಾಳ ಫೋಟೊ. ಫೋಟೊದ್ದೇ ತಾಪತ್ರಯ. ಸುಮಾ ಕ್ಯಾಮೆರಾದ ಮುಂದೆ ನಿಂತರೆ ಮುಖ ಗಂಟು ಹಾಕುತ್ತಾಳೆ. ಸ್ಟುಡಿಯೊದ ಚಿತ್ರಗಳಲ್ಲೆಲ್ಲ ಯಾರೋ ಬೈದಂತೆ ಕಾಣುತ್ತಿದ್ದಳು. ಅವಳು ನಗುತ್ತಿದ್ದ ಫೋಟೊ ಒಂದೇ ಒಂದು. ಅದರಲ್ಲಿ ಸರೋಜಕ್ಕ ಅವಳ ಹೆಗಲ ಮೇಲೆ ಕೈ ಹಾಕಿ ಏನೋ ಹೇಳುತ್ತಿದ್ದಾಳೆ, ಇವಳು ಬಾಯಿ ತೆರೆದು ನಗುತ್ತಿದ್ದಾಳೆ.

“ಇದs ಇರಲಿ. ಬಾಜೂಕಿನಾಕಿನ್ನ ತಗದು ಬಿಡು,” ಎಂದಳು ಶಾಂತತ್ತಿ. ಮಗಳ ಹೆಸರು ಹೇಳಲಿಲ್ಲ. ತಾಯಿಯ ಜೊತೆ ನಮ್ಮ ಮನೆಗೆ ಬಂದಿದ್ದ ಸರೋಜಕ್ಕ ಅಲ್ಲೇ ಬಾಗಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ಸ್ಕ್ಯಾನ್ ಮಾಡಿಕೊಟ್ಟ ಅಂಗಡಿಯವನು ನಮ್ಮ ಮೇಲಿನ ಅಭಿಮಾನಕ್ಕೆ ಫೋಟೊವನ್ನು ಸಾಧ್ಯವಾದಷ್ಟು ದೊಡ್ಡದಾಗಿ ಮಾಡಿದ್ದ. ಮೇಲ್ ಮಾಡಲು ಇಂಟರ್‌ನೆಟ್ ಅಂಗಡಿಗೆ ಫ್ಲಾಪಿ ಡಿಸ್ಕಿನಲ್ಲಿ ಒಯ್ಯಬೇಕು, ಫೈಲು ಅದರಲ್ಲಿ ಹಿಡಿಸಲಿಲ್ಲ. ಮೂಲೆ ಹಿಡಿದು ಎಳೆದು ಫೋಟೊವನ್ನು ಅಂಗೈಯಷ್ಟು ಮಾಡಿದೆ. ಅಷ್ಟೇ ಭಾರ. ಅಂಚೆಚೀಟಿಯಷ್ಟು ಮಾಡಿದೆ. ಅಷ್ಟೇ ಭಾರ. ಸರೋಜಕ್ಕನಿದ್ದ ಭಾಗವನ್ನು ಕತ್ತರಿಸುವ ಗುಂಡಿಯಿಂದ ಪೂರ್ತಿ ಕತ್ತರಿಸಿದೆ. ಒಂದಿಷ್ಟೂ ಇಳಿಯಲಿಲ್ಲ. ಇಡೀ ಒಬ್ಬ ಹೆಂಗಸನ್ನೇ ತೆಗೆದರೂ ತೂಕ ಯಾಕೆ ಇಳಿಯುವುದಿಲ್ಲ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ದಪ್ಪ ಅಕ್ಷರಗಳು ಭಾರ ಇರಬಹುದೆಂದು ಅವನ್ನೆಲ್ಲ ತೆಳ್ಳಗೆ ಮಾಡಿದೆ. ನೀವು ನಗಬಹುದು. ಅಂಚಿನ ಬಳ್ಳಿ ಕಿತ್ತೆ.

“ಒಡಹುಟ್ಟಿದವರು ಅಂತ ಬರದೀಯಲ್ಲ, ಆ ಸಾಲೂ ತಗಿ. ಅಷ್ಟು ಹಗುರ ಆಗ್ತೈತಿ,” ಎಂದಳು ಶಾಂತತ್ತಿ. ತೆಗೆದೆ. ಅದಕ್ಕೂ ಹಗುರಾಗಲಿಲ್ಲ.

ಕೊನೆಗೆ ಉಪ್ಪಲ್‌ನ ಇಂಟರ್‌ನೆಟ್ ಅಂಗಡಿಯವನನ್ನು ಕೇಳಿದೆ. ಆತ ಕತ್ತೆತ್ತದೆ, “ಬೊಮ್ಮ ತೀಸೇಯಂಡಿ ಅಮ್ಮಾ,” ಎಂದ. ಚಿತ್ರ ತೆಗೆದುಹಾಕಿ ಅಂತ, ತೆಲುಗಿನಲ್ಲಿ. ಯಾವ ಚಿತ್ರ ಎಂದು ಹೇಳಲಿಲ್ಲ. ಸುಮಾಳನ್ನು ತೆಗೆದರೆ ಬಯೊಡೇಟಾ ಯಾಕೆ? ಉಳಿದದ್ದು ಗಣಪತಿ. ಶಾಂತತ್ತಿ ಎರಡೂ ಕೆನ್ನೆ ಬಡಿದುಕೊಂಡಳು.

“ಮದವಿ ಕಾಗದದಾಗ ಗಣಪತಿನ್ನ ತಗೀತಾರೇನs ಯಾರರ?”

ತೆಗೆದೆವು. ಚಿತ್ರವಿದ್ದ ಜಾಗದಲ್ಲಿ ದೇವರ ಹೆಸರನ್ನು ಅಕ್ಷರದಲ್ಲಿ ಬರೆದೆ. ಫೈಲು ಫ್ಲಾಪಿಯಲ್ಲಿ ಹೇಗೋ ತುರುಕಿಕೊಂಡಿತು. ಆದರೆ ಮೇಲ್ ಮಾತ್ರ ಹೋಗಲೊಲ್ಲದು. ಅಂಗಡಿಯ ಇಂಟರ್‌ನೆಟ್ ಆಗ ಫೋನಿನ ಲೈನಿನ ಮೇಲೆ, ಅರ್ಧಕ್ಕೆ ಬಂದು ಅದು ಕಡಿಯುತ್ತಿತ್ತು. ಹೀಗೆ ದಿನವೆಲ್ಲ ಕೂತು, ಸಾಕಾಗಿ, ಶಾಂತತ್ತಿ ಫ್ಲಾಪಿಗೆ ಅರಿಶಿನ ಕುಂಕುಮ ಹಚ್ಚಿ, ಸಿಟಿ ಬಸ್ಸು ಹತ್ತಿ, ಕೂಕಟ್‌ಪಲ್ಲಿಗೆ ಹೋಗಿ ಕೈಗೆ ಕೊಟ್ಟು ಬಂದಳು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದು ಎಂದರೆ ಇದೇ ಇರಬೇಕು. ಚಹಾ ಚೆನ್ನಾಗಿತ್ತಂತೆ.

ಹೆಣ್ಣು ನೋಡಲು ಪ್ರಭು ಮತ್ತು ಅವನ ತಾಯಿ ಇಬ್ಬರೇ ಬಂದರು. ಬಯೊಡೇಟಾ ಮಾಡಿದವಳೆಂದು ನಾನೂ ಅಲ್ಲಿದ್ದೆ. ಅವರು ಹೋಗುವ ತನಕ ಅಡಿಗೆಮನೆಯಿಂದ ಹೊರಗೆ ಬರಬಾರದೆಂದು ಸರೋಜಕ್ಕನಿಗೆ ಹೇಳಿಯಾಗಿತ್ತು. ಆ ತಾಯಿ ಸುಮಾಳನ್ನು ನೋಡಿದರು, ಮನೆ ನೋಡಿದರು, ಆಮೇಲೆ ಮೆಲ್ಲಗೆ ಕೇಳಿದರು.

“ಫೋಟೊದಾಗ ಇನ್ನೊಬ್ಬಾಕಿ ಅದಾಳಲ್ಲರಿ, ಆಕಿ ಯಾರು?”

ನಾನೇ ಕೈಯಾರೆ ಕತ್ತರಿಸಿದ್ದೆ, ಎಲ್ಲಿಂದ ಬಂದಳು ಇವಳು? ಪ್ರಭು ತಪ್ಪು ಮಾಡಿದವನಂತೆ ಹೇಳಿದ. “ಇವರ ಹೆಗಲ ಮ್ಯಾಲೆ ಬೆರಳು ಕಂಡ್ವು. ಯಾರವು ಅನಿಸ್ತು. ಚಿತ್ರ ಮೊದಲಿನಂಗ ಮಾಡೂ ಗುಂಡಿ ಒಂದು ಐತಿ, ಒತ್ತಿದೆ. ಪೂರಾ ಫೋಟೊ ಬಂತು.”

ಶಾಂತತ್ತಿ ಸೆರಗು ಸರಿಮಾಡಿಕೊಂಡಳು. “ಆಕಿ... ಬಾಜೂ ಮನಿಯಾಕಿರಿ.”

ಒಳಗೆ ಪಾತ್ರೆಯ ಸದ್ದು ನಿಂತಿತು. ಆ ಮಾತು ಆಡುವಾಗ ಶಾಂತತ್ತಿಯ ಮುಖ ನೋಡಿದ್ದರೆ ನೀವೂ ಅವಳನ್ನು ಬೈಯುತ್ತಿರಲಿಲ್ಲ. ಒಬ್ಬ ಮಗಳಿಗಾಗಿ ಇನ್ನೊಬ್ಬ ಮಗಳನ್ನು ಹೊರಗೆ ಹಾಕಿದ ತಾಯಿಯ ಮುಖ ಅದು.

ತಲೆ ತಗ್ಗಿಸಿ ಕೂತಿದ್ದ ಸುಮಾ ತಲೆ ಎತ್ತದೆಯೇ ಹೇಳಿದಳು. “ನಮ್ಮಕ್ಕರಿ. ಒಳಗ ಚಾ ಸೋಸಾಕತ್ತಾಳ.”

“ಹಂಗಾರ ಕರೀರಿ. ಚಾ ಆರಿ ಹೋಗ್ತೈತಿ,” ಎಂದರು ಆ ತಾಯಿ.

ಸರೋಜಕ್ಕ ತಟ್ಟೆ ಹಿಡಿದು ಬಂದಳು. ಕಣ್ಣು ಕೆಂಪಾಗಿತ್ತು. ಗಂಡನ ಮನೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಆ ತಾಯಿ ಒಂದು ಗುಟುಕು ಕುಡಿದು, ಶುಂಠಿ ಹಾಕೀಯೇನವಾ ಎಂದು ಕೇಳಿದರು. ಹೂಂ ಎಂದಳು. ಅಷ್ಟೇ ಮಾತು. ಅವರಿಗೆ ಸಿಟ್ಟು ಬಂದಿತ್ತೋ, ಮರುಕವೋ, ಬರೀ ಕುತೂಹಲವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆಮೇಲೆ ಬಹಳ ದಿನ ಆ ಕಡೆಯಿಂದ ಸುದ್ದಿಯೇ ಇಲ್ಲ. ಶಾಂತತ್ತಿ ನನ್ನ ಕಂಪ್ಯೂಟರಿಗೆ ಶಾಪ ಹಾಕಿದಳು. “ಕತ್ತರಿಸಿದ್ದು ಕತ್ತರಿಸಿದಂಗ ಇರಬೇಕಲ್ಲ? ಇದೆಂಥಾ ಕತ್ತರಿ?” ನಾನು ಅಮೀರ್‌ಪೇಟೆಗೆ ಹೋಗಿ ನಮಗೆ ಪಾಠ ಹೇಳಿದವರನ್ನು ಕೇಳಿದೆ. ಅವರು ನಕ್ಕು ತಿಳಿಸಿದ್ದು ಇಷ್ಟು. ಫೈಲಿನೊಳಗೆ ಫೋಟೊವನ್ನು ಎಳೆದು ಚಿಕ್ಕದು ಮಾಡಿದರೂ, ಕತ್ತರಿಸಿದರೂ, ಕಣ್ಣಿಗೆ ಮಾತ್ರ ಮರೆ. ಒಳಗೆ ಅದು ಪೂರ್ತಿ ಇರುತ್ತದೆ. ಹಗುರಾಗಬೇಕಾದರೆ ಫೋಟೊವನ್ನು ಹೊರಗೇ, ಬೇರೆ ಕಡೆ, ಕತ್ತರಿಸಿ ಚಿಕ್ಕದು ಮಾಡಿ ಆಮೇಲೆ ಒಳಗೆ ತರಬೇಕು. ಹೊದೆಯುವ ಕೌದಿಯನ್ನು ಎಷ್ಟು ಮಡಚಿದರೂ ತೂಕ ಇಳಿಯದಲ್ಲ, ಹಾಗೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಶಾಂತತ್ತಿಗೆ ಇದನ್ನು ಬಿಡಿಸಿ ಹೇಳಿದಾಗ ಅವಳು, “ಗಣಪತಿ ಹೋದ, ಆಕಿ ಉಳಿದ್ಲು,” ಎಂದಳು. ಅದು ದೂರೋ ಸಮಾಧಾನವೋ ತಿಳಿಯದೆ ನಾನು ಚಹಾಕ್ಕೆ ನೀರಿಟ್ಟೆ.

ಒಪ್ಪಿಗೆ ಬಂತು. ತಡ ಯಾಕಾಯಿತು ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಮದುವೆಯಾಯಿತು. ಮದುವೆಯ ದಿನ ಪ್ರಭುವಿನ ತಾಯಿಯೇ ಸರೋಜಕ್ಕನನ್ನು ಫೋಟೊಕ್ಕೆ ಕರೆದರು. ಅವಳು ಹೋಗಿ ಸಾಲಿನ ಕಟ್ಟಕಡೆಗೆ, ಒಂದು ಮೊಳ ದೂರ, ಎರಡೂ ಕೈ ಕಟ್ಟಿಕೊಂಡು ನಿಂತಳು. ನಡುವೆ ಬಾ ಎಂದು ನಾನು ಕರೆದೆ.

“ಕಡೀಗೆ ನಿಂತ್ರ ಕತ್ತರಿಸಾಕ ಸಲೀಸು. ಉಳದವರ ಫೋಟೊ ಕೆಡಂಗಿಲ್ಲ,” ಎಂದಳು.

ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಅಂದಿನಿಂದ ನಮ್ಮ ಬಳಗದ ಯಾವ ಫೋಟೊ ನೋಡಿ, ನಾಮಕರಣದ್ದಿರಲಿ ಹುಟ್ಟುಹಬ್ಬದ್ದಿರಲಿ, ಅವಳು ತುದಿಯಲ್ಲಿದ್ದಾಳೆ. ಯಾರ ಹೆಗಲ ಮೇಲೂ ಕೈ ಹಾಕಿಲ್ಲ. ಪ್ರಭು ಆ ಗುಂಡಿ ಒತ್ತಿದ್ದು ಅವಳಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒತ್ತದಿದ್ದರೆ ಅವಳು ಆ ದಿನ ಅಡಿಗೆಮನೆಯಲ್ಲೇ ಉಳಿಯುತ್ತಿದ್ದಳು. ಒತ್ತಿದ್ದಕ್ಕೆ, ತನ್ನನ್ನು ಕತ್ತರಿಸಿದ್ದರು ಎಂಬುದು ನಾಲ್ಕು ಜನರ ಎದುರು ಬಂತು. ಯಾವುದು ಮೇಲು?

ಮೊನ್ನೆ ಟ್ಯಾಂಕಿನ ಫೋಟೊಗಳನ್ನೂ ಹಾಗೆಯೇ ಹೊರಗೇ ಚಿಕ್ಕದು ಮಾಡಿ ವರದಿ ಕಳಿಸಿದೆ. ಅದು ಹೋಯಿತು. ಮಾರನೆಯ ದಿನ ಸುಮಾ ತನ್ನ ಹೊಸ ಫ್ಲಾಟಿನಲ್ಲಿ ಹಾಲು ಉಕ್ಕಿಸುತ್ತಿದ್ದಳು, ನಾವೆಲ್ಲ ಹೋಗಿದ್ದೆವು. ಶಾಂತತ್ತಿಯನ್ನು ನಡುವೆ ಕುರ್ಚಿಯಲ್ಲಿ ಕೂರಿಸಿ ಫೋಟೊಕ್ಕೆ ನಿಂತೆವು. ಸರೋಜಕ್ಕ ರೂಢಿಯಂತೆ ತುದಿಗೆ ಹೋದಳು. ನಾನು ನನ್ನ ಜಾಗ ಬಿಟ್ಟು ಹೋಗಿ ಅವಳ ಆಚೆ ಮಗ್ಗುಲಿಗೆ ನಿಂತೆ. ಅವಳನ್ನು ಕತ್ತರಿಸಬೇಕಾದರೆ ಮೊದಲು ನನ್ನನ್ನು ಕತ್ತರಿಸಲಿ, ಅಷ್ಟೇ ನನ್ನ ಲೆಕ್ಕ. ಅವಳು ನನ್ನ ಮುಖ ನೋಡಿ, ನನ್ನನ್ನು ದಾಟಿ ಮತ್ತೆ ತುದಿಗೆ ಬಂದಳು. ನಾನು ಅವಳನ್ನು ದಾಟಿದೆ.

“ಹುಚ್ಚ ಹಿಡದೈತೇನs ನಿನಗ?” ಎಂದಳು ಸರೋಜಕ್ಕ.

“ಹೂಂ,” ಎಂದೆ. ಅವಳು ಸರಿಯುವುದನ್ನು ನಿಲ್ಲಿಸಿದಳು. ಹೀಗೆ ದಾಟಿ ದಾಟಿ ನಾವಿಬ್ಬರೂ ಕಿಟಕಿಯ ತನಕ ಬಂದಿದ್ದೆವು.

ಫೋಟೊ ತೆಗೆಯಲು ಫೋನು ಹಿಡಿದಿದ್ದ ಪ್ರಭುವಿಗೆ ಅದರ ಚೌಕಟ್ಟಿನಲ್ಲಿ ನಾವಿಬ್ಬರೂ ಕಾಣುತ್ತಿರಲಿಲ್ಲ. ಒಳಗೆ ಬರ್ರಿ ಅನ್ನುತ್ತಾನೆ ಅಂದುಕೊಂಡೆ. ಅವನು, “ಅಲ್ಲೇ ನಿಲ್ರಿ ಅಕ್ಕಾರ, ನಾನs ಹಿಂದ ಸರೀತೀನಿ,” ಎಂದ. ಒಂದೊಂದೇ ಹೆಜ್ಜೆ ಹಿಂದಿಡುತ್ತ ಹೊಸ್ತಿಲು ದಾಟಿ, ಎದುರು ಫ್ಲಾಟಿನ ಬಾಗಿಲಿಗೆ ಬೆನ್ನು ತಾಗುವ ತನಕ ಹೋದ.